ಇಟಲಿಗೆ ಹೋದ ಎರಡು ಕೈಗಳು

ಶಿಡ್ಲಘಟ್ಟ

ಇಟಲಿಯಿಂದ ಕರೆ ಬಂದದ್ದು ನನ್ನ ಹೆಂಡತಿಯ ಕೈಗಳಿಗೆ. ಕೈಗಳನ್ನು ಮಾತ್ರ ಕಳಿಸುವಂತಿಲ್ಲವಾದ್ದರಿಂದ ಜೊತೆಗೆ ಅವಳು ಹೋಗಬೇಕಾಯಿತು. ಅವಳಿಗೆ ಕನ್ನಡ, ತೆಲುಗು ಬಿಟ್ಟು ಬೇರೆ ಭಾಷೆ ಬಾರದ್ದರಿಂದ ನಾನೂ ಹೋಗಬೇಕಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿನಲ್ಲಿ ಕೆಲವರು ರೇಷ್ಮೆ ಮೇಷ್ಟ್ರು ಫಾರಿನ್‌ಗೆ ಹೋಗಿ ಪಾಠ ಹೇಳಿ ಬಂದರು ಎಂದುಕೊಂಡಿದ್ದಾರೆ. ನಾನೂ ಕೆಲವು ತಿಂಗಳು ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ನಾನು ಮೇಷ್ಟ್ರು ಹೌದು. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದನ್ನು ಕಲಿಸಿದವನು. ಆದರೆ ಕಲಿಸಿದ್ದು ಕರಿಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ. ನಿಜವಾಗಿ ನೂಲು ಬಿಚ್ಚುತ್ತಿದ್ದವಳು ನನ್ನ ಹೆಂಡತಿ ಮುನಿರತ್ನ, ನಮ್ಮ ಹಿತ್ತಲಿನ ಶೆಡ್ಡಿನಲ್ಲಿ. ಅಲ್ಲಿ ಎರಡು ಬೇಸಿನ್ ಇವೆ. ಬೇಸಿನ್ ಎಂದರೆ ಬಿಸಿನೀರಿನ ತೊಟ್ಟಿ. ಬೇಯಿಸಿದ ಗೂಡುಗಳು ಅದರಲ್ಲಿ ತೇಲುತ್ತಿರುತ್ತವೆ. ಎಂಟು ಹತ್ತು ಗೂಡುಗಳ ತುದಿ ಹಿಡಿದು, ಒಂದೇ ಎಳೆ ಮಾಡಿ, ಮೇಲೆ ತಿರುಗುವ ರಾಟೆಗೆ ಕೊಡಬೇಕು. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ತುದಿಯನ್ನು ಓಡುವ ಎಳೆಗೆ ಎಸೆಯಬೇಕು. ಎಳೆ ಕಡಿದರೆ ಕಣ್ಣು ಮಿಟುಕಿಸುವುದರೊಳಗೆ ಕೂಡಿಸಬೇಕು. ನಾನು ಇದನ್ನು ಮುಕ್ಕಾಲು ಗಂಟೆ ವಿವರಿಸಬಲ್ಲೆ. ಅವಳು ಮಾಡಬಲ್ಲಳು.

ನಾನು ನಿವೃತ್ತನಾಗುವ ಹೊತ್ತಿಗೆ ಶಿಷ್ಯೆಯೊಬ್ಬಳು ನಮ್ಮ ಶೆಡ್ಡಿನಲ್ಲಿ ವೀಡಿಯೊ ಮಾಡಿ ಇಂಟರ್‌ನೆಟ್ಟಿಗೆ ಹಾಕಿದಳು. ಮಾತು ನನ್ನದು, ಕೈ ಅವಳದು. ಇಟಲಿಯ ಸಿನಿಮಾದವರು ಅದನ್ನು ನೋಡಿ ಪತ್ರ ಬರೆದರು. ನನ್ನ ವಿವರಣೆಯನ್ನು ಮೆಚ್ಚಿ ಬರೆದಿದ್ದಾರೆ ಎಂದೇ ಓದಲು ಶುರುಮಾಡಿದೆ. ಮೂರನೆಯ ಸಾಲಿನಲ್ಲಿ, ಧ್ವನಿಯನ್ನು ಅಡಗಿಸಿಕೊಂಡು ಹಲವು ಸಲ ನೋಡಿದೆವು, ಆ ಕೈಗಳು ಯಾರವು ಎಂದು ಕೇಳಿದ್ದರು.

ಅವರು ತೆಗೆಯುತ್ತಿದ್ದದ್ದು ಒಂದು ಕಾದಂಬರಿಯನ್ನು ಆಧರಿಸಿದ ಹಳೆಯ ಕಾಲದ ಕಥೆ. ನೂರೈವತ್ತು ವರ್ಷದ ಹಿಂದೆ ಅವರ ಸೀಮೆಯಲ್ಲೂ ಮನೆಮನೆಯಲ್ಲಿ ಹುಳ ಸಾಕುತ್ತಿದ್ದರು, ಊರೂರಲ್ಲಿ ನೂಲಿನ ಮಿಲ್ಲುಗಳಿದ್ದವು. ಅಂಥ ಮಿಲ್ಲಿನಲ್ಲಿ ಚಿಕ್ಕಂದಿನಿಂದ ದುಡಿದ, ಈಗ ಐವತ್ತು ದಾಟಿದ ಮದುವೆಯಾಗದ ಹೆಂಗಸು ಕಥೆಯ ನಾಯಕಿ. ಈಗ ಅಲ್ಲಿ ಕೈಯಿಂದ ನೂಲು ಬಿಚ್ಚಲು ಬಲ್ಲವರು ಯಾರೂ ಉಳಿದಿಲ್ಲ. ಮುಖ ಅವರ ನಟಿಯದು, ಕೈ ನಮ್ಮ ಶಿಡ್ಲಘಟ್ಟದ್ದು ಎಂದು ಏರ್ಪಾಡಾಯಿತು. ಐದು ದಿನದ ಕೆಲಸ. ಅದರಲ್ಲಿ ಒಂದು ದೃಶ್ಯ ಬಹಳ ಮುಖ್ಯ. ಅದು ಸರಿಯಾಗಿ ಬಾರದಿದ್ದರೆ ಬೇರೆ ದೇಶದಿಂದ ಇನ್ನೊಬ್ಬ ಹೆಂಗಸನ್ನು ಕರೆಸಿ, ಎಲ್ಲವನ್ನೂ ಅವಳ ಕೈಯಲ್ಲೇ ತೆಗೆಯುವುದಾಗಿ ಕಾಗದದಲ್ಲೇ ಬರೆದಿದ್ದರು. ಆ ಜನ ನೇರ.

ಮುನಿರತ್ನ ಇಡೀ ಕಾಗದದಲ್ಲಿ ಒಂದೇ ಸಾಲನ್ನು ಎರಡು ಸಲ ಓದಿಸಿದಳು. ಕೆಲಸ ಮಾಡಿದ ಎಲ್ಲರ ಹೆಸರೂ ಸಿನಿಮಾದ ಕೊನೆಯಲ್ಲಿ ಬರುತ್ತದೆ ಎಂಬುದನ್ನು.

"ಕೈಗೂ ಹೆಸ್ರು ಹಾಕ್ತಾರಾ?"

"ಹಾಕ್ತಾರಂತೆ."

"ಪೂರ್ತಿ ಹೆಸ್ರಾ?"

"ಪೂರ್ತಿನೇ ಕಣೇ."

ಅವಳು ಆಸೆ ಹೊರಗೆ ಹಾಕುವವಳಲ್ಲ. ಇದನ್ನು ಮಾತ್ರ ಬಾಯಿಬಿಟ್ಟು ಹೇಳಿದಳು. "ಎಷ್ಟು ಜನ ನಾನು ಬಿಚ್ಚಿದ ನೂಲಿನ ಸೀರೆ ಉಟ್ಟವ್ರೋ. ಒಬ್ಬರಿಗಾದ್ರೂ ನನ್ನ ಹೆಸ್ರು ಗೊತ್ತಾ? ಒಂದ್ಸಲ ಬರ್ಲಿ ಬಿಡ್ರಿ, ನೋಡಣ." ಅವಳಿಗೆ ಆ ಹೆಸರು ಬೇಕಾಗಿತ್ತು.

ಹೊರಡುವ ಮುನ್ನ ಆ ನಿರ್ದೇಶಕಿಯ ಹಿಂದಿನ ಎರಡು ಸಿನಿಮಾಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ನಮ್ಮ ಕಡೆ ಸಿನಿಮಾ ಅಂದರೆ ಅರ್ಧ ತೆಲುಗು. ಚಿಂತಾಮಣಿಯ ಟಾಕೀಸಿನಲ್ಲಿ ನಾಯಕ ಬಾಗಿಲು ತೆಗೆದರೆ ಗೋಡೆಯೂ ಬೀಳುತ್ತದೆ. ಇಲ್ಲಿ ಬಾಗಿಲು ತೆಗೆಯುವುದಕ್ಕೇ ಅರ್ಧ ಗಂಟೆ. ಉದ್ದ ಲಂಗದ ಹೆಂಗಸೊಬ್ಬಳು ಕಿಟಕಿಯ ಬಳಿ ನಿಲ್ಲುತ್ತಾಳೆ. ಪರದೆ ಅಲ್ಲಾಡುತ್ತದೆ. ಯಾರೋ ಚಮಚ ಕೆಳಗಿಡುತ್ತಾರೆ.

"ಏನ್ರೀ ಇದು, ಹಾಲು ಕಾಸಿ ಬಂದೆ, ಹಂಗೇ ನಿಂತವ್ಳೆ. ಹೂವು ಕಟ್ಟಿ ಬಂದೆ, ಇನ್ನೂ ನಿಂತವ್ಳೆ. ಏನಂತೆ ಅವ್ಳಿಗೆ?"

"ಯೋಚನೆ ಮಾಡ್ತಾವ್ಳೆ."

"ನಾವು ಮಾಡಲ್ವಾ ಯೋಚನೆ? ಕೆಲ್ಸ ಮಾಡ್ಕೊಂಡೇ ಮಾಡ್ತೀವಪ್ಪ."

ನನಗೂ ಆ ಚಿತ್ರಗಳು ರುಚಿಸಲಿಲ್ಲ. ಆದರೆ ನಾನು ಲೈಬ್ರರಿಯ ಮೆಂಬರು, ಕಾದಂಬರಿ ಓದುವವನು. ಅವಳ ಎದುರಿಗೆ ಒಪ್ಪಿಕೊಳ್ಳಲಿಲ್ಲ.

ಮಿಲಾನ್

ದೇವನಹಳ್ಳಿಯಿಂದ ಹಾರುವ ವಿಮಾನಗಳನ್ನು ನಮ್ಮ ಹಿತ್ತಲಿನಿಂದ ದಿನವೂ ನೋಡಿದ್ದೇವೆ, ಆದ್ದರಿಂದ ವಿಮಾನದ ವಿಷಯ ಬರೆಯುವುದಿಲ್ಲ. ದಾರಿಯುದ್ದಕ್ಕೂ ನಾನು ಆ ಕಾದಂಬರಿಯ ಇಂಗ್ಲಿಷ್ ಅನುವಾದ ಓದಿದೆ. ನಾನೂರು ಪುಟ. ನಾಯಕಿ ಬಾಯಿ ತೆರೆಯುವುದು ಹೆಚ್ಚೆಂದರೆ ಇಪ್ಪತ್ತು ಸಲ. ಮಿಕ್ಕದ್ದೆಲ್ಲ ಅವಳ ಮನಸ್ಸಿನೊಳಗಿನದು. ಪಕ್ಕದಲ್ಲಿ ಮುನಿರತ್ನ ಕಂಬಳಿ ಹೊದ್ದು ಬೆಳಗಿನ ತನಕ ನಿದ್ದೆ ಮಾಡಿದಳು.

ಮಿಲಾನಿನ ಕಸ್ಟಮ್ಸಿನಲ್ಲಿ ನಮ್ಮ ಚೀಲ ಬಿಚ್ಚಿಸಿದರು. ರಾಗಿಹಿಟ್ಟನ್ನು ಮೂಸಿದರು, ಹುಚ್ಚೆಳ್ಳು ಪುಡಿಯನ್ನು ಅನುಮಾನದಿಂದ ಅಲ್ಲಾಡಿಸಿದರು. ಕೊನೆಗೆ ಸಿಕ್ಕಿದ್ದು ಒಣ ಗೂಡುಗಳ ಡಬ್ಬ. ಅಲ್ಲಿ ಈಗ ಸಿಗುವುದೆಲ್ಲ ಬಿಳಿ ಗೂಡಂತೆ; ಆ ಕಾಲದ್ದು ಹಳದಿಯಾಗಿತ್ತೆಂದು ನಮ್ಮ ಹಳದಿ ಗೂಡುಗಳನ್ನೇ ತರಿಸಿಕೊಂಡಿದ್ದರು. ಕಾಗದಪತ್ರ ಎಲ್ಲ ಸರಿಯಾಗಿತ್ತು. ಆದರೂ ಎಳೆಯ ಅಧಿಕಾರಿಯೊಬ್ಬ ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಒಳಗೆ ಗಲಗಲ ಎಂದಿತು. ಏನದು ಎಂದು ಕೇಳಿದ. ಸತ್ತ ಹುಳ ಎಂದೆ. ಅವನು ಗೂಡನ್ನು ಕೆಂಡ ಮುಟ್ಟಿದವನಂತೆ ಬಿಟ್ಟು, ಕೈ ಒರೆಸಿಕೊಂಡ.

"ಹುಳ ಅಂದ್ರೆ ಹಿಂಗಾಡ್ತಾನಲ್ಲ," ಎಂದಳು ಮುನಿರತ್ನ, "ಕೊರಳಲ್ಲಿ ಕಟ್ಕೊಂಡಿರೋದು ಯಾತರದ್ದಂತೆ?"

ಅವನ ಟೈ ಅಪ್ಪಟ ರೇಷ್ಮೆಯದು. ಅವಳಿಗೆ ಹತ್ತು ಮಾರು ದೂರದಿಂದಲೇ ಗೊತ್ತಾಗಿತ್ತು. ಇದನ್ನು ನಾನು ಅನುವಾದಿಸಲಿಲ್ಲ.

ಬೆಟ್ಟದ ಕೆಳಗಿನ ಊರು

ಶೂಟಿಂಗ್ ಇದ್ದದ್ದು ಉತ್ತರದಲ್ಲಿ, ಆಲ್ಪ್ಸ್ ಬೆಟ್ಟಗಳ ತಪ್ಪಲಿನ ಒಂದು ಸಣ್ಣ ಊರಿನಲ್ಲಿ. ನಮಗೆ ಅಲ್ಲಿನ ಲೂಚಿಯಾ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಕೋಣೆ. ಎಂಬತ್ತು ದಾಟಿದ ಅಜ್ಜಿ, ಬೆನ್ನು ನೆಟ್ಟಗೆ, ತುಟಿಗೆ ಬಣ್ಣ. ಬೆಳಿಗ್ಗೆ ಅವರು ಕೊಡುವ ಕಾಫಿ ದೇವಸ್ಥಾನದ ತೀರ್ಥದಷ್ಟು. ಅದನ್ನು ನಿಂತೇ ಕುಡಿದು ಮುಗಿಸುತ್ತಾರೆ. ಮಧ್ಯಾಹ್ನದ ಊಟ ಮಾತ್ರ ಒಂದೂವರೆ ಗಂಟೆ. ಊಟವಾದ ಮೇಲೆ ಊರಿಗೆ ಊರೇ ಕಿಟಕಿ ಮುಚ್ಚಿಕೊಂಡು ಮಲಗುತ್ತದೆ, ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಶಿಡ್ಲಘಟ್ಟದಲ್ಲಿ ಆ ಹೊತ್ತಿಗೆ ಮೂರು ಜನ ಬಂದು ಬಾಗಿಲು ತಟ್ಟಿರುತ್ತಾರೆ.

ಲೂಚಿಯಾ ಬಡಿಸುವುದನ್ನು ನಿಲ್ಲಿಸುವವರಲ್ಲ. ಮುನಿರತ್ನ ಅವರಿಗೆ "ಚಾಲು ತಲ್ಲಿ, ಚಾಲು", ಸಾಕು ತಾಯಿ ಸಾಕು, ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳ ತೌರಿನ ಮಾತು ತೆಲುಗು. ಕನ್ನಡ ಬಾರದವರು ಯಾರೇ ಎದುರಿಗೆ ಬಂದರೂ, ಅವರಿಗೆ ತೆಲುಗಾದರೂ ಬರುತ್ತದೆ ಎಂಬುದು ಅವಳ ನಂಬಿಕೆ. ಲೂಚಿಯಾ ಇಟಾಲಿಯನ್‌ನಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರ ಮಾತುಕತೆಯೂ ಚೆನ್ನಾಗಿಯೇ ನಡೆಯುತ್ತಿತ್ತು, ಇಂಗ್ಲಿಷ್ ಬಲ್ಲ ನಾನೇ ಹೊರಗುಳಿಯುತ್ತಿದ್ದೆ.

ಹೊಲದ ಬದುಗಳಲ್ಲಿ ಹಿಪ್ಪುನೇರಳೆ ಮರಗಳಿದ್ದವು. ನಮ್ಮಲ್ಲಿ ಸೊಂಟದೆತ್ತರಕ್ಕೆ ಕತ್ತರಿಸುತ್ತಲೇ ಇರುವ ಗಿಡ, ಅಲ್ಲಿ ಆಲದ ಹಾಗೆ ಬೆಳೆದುಬಿಟ್ಟಿದೆ. ಹುಳ ಹೋದರೂ ಮರ ಉಳಿದಿವೆ. ಕೆಳಗೆಲ್ಲ ಹಣ್ಣು ಬಿದ್ದು ದಾರಿ ನೇರಳೆಯಾಗಿತ್ತು. ಮುನಿರತ್ನ ಒಂದು ಎಲೆ ಕಿತ್ತು ಬೆರಳಲ್ಲಿ ಮಡಿಸಿ ನೋಡಿ, ಒಳ್ಳೆ ಸೊಪ್ಪು, ಇಷ್ಟೂ ದಂಡ ಎಂದು ಆ ಐದು ದಿನವೂ ಹೇಳಿದಳು. ಕೆಂಚಾರ್ಲಹಳ್ಳಿಯ ನಮ್ಮ ತೋಟಕ್ಕೆ ಆಳು ಸಿಗದೆ ಸೊಪ್ಪು ಬಲಿಯುತ್ತಿದೆ ಎಂದು ಫೋನ್ ಬಂದಾಗ ಇಷ್ಟು ಸಂಕಟಪಟ್ಟಿರಲಿಲ್ಲ.

ಮೊದಲ ದಿನ

ಮೊದಲ ದಿನ ಹಾಳಾಯಿತು. ತಪ್ಪು ಯಾರದೆಂದು ಹೇಳುವುದು ಕಷ್ಟ.

ಹಳೆಯ ಮಿಲ್ಲೊಂದನ್ನು ಸುಣ್ಣ ಕೆರೆದು, ಹೊಗೆ ಬಳಿದು, ನೂರೈವತ್ತು ವರ್ಷ ಹಿಂದಕ್ಕೆ ಕಳಿಸಿದ್ದರು. ತಾಮ್ರದ ಬೇಸಿನ್, ಮರದ ರಾಟೆ, ಕಲ್ಲು ನೆಲ. ನೋಡಿದರೆ ನಂಬಲೇಬೇಕು. ನಲವತ್ತು ಜನ ಕೆಲಸ ಮಾಡುತ್ತಿದ್ದರು, ಒಬ್ಬರೂ ಕೂಗುತ್ತಿರಲಿಲ್ಲ. ನಿರ್ದೇಶಕಿ ಮಾರ್ತಾ ಅರವತ್ತರ ಆಸುಪಾಸಿನ ಕುಳ್ಳನೆಯ ಹೆಂಗಸು, ಬಿಳಿಕೂದಲು, ಜೇಬಿನಲ್ಲಿ ಕೈ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರ ಮಾತನ್ನು ಸಹಾಯಕಿ ಎಲೆನಾ ಇಂಗ್ಲಿಷಿಗೆ ತರುತ್ತಿದ್ದಳು, ನಾನು ಕನ್ನಡಕ್ಕೆ.

ಮೇಕಪ್ಪಿನವಳು ಬಂದು ಮುನಿರತ್ನಳ ಕೈಗಳಿಗೆ ಎರಡು ಗಂಟೆ ಬಿಳಿ ಬಣ್ಣ ಬಳಿದಳು. ಕೈ ನೀರಿಗಿಳಿದ ಕೂಡಲೇ ಬಣ್ಣವೆಲ್ಲ ಕರಗಿ ಬೇಸಿನ್ನು ಹಾಲಾಯಿತು. ಗೂಡುಗಳನ್ನು ಎಸೆಯಬೇಕಾಯಿತು. ಎರಡನೆಯ ಬೇಸಿನ್ನಿನಲ್ಲಿ ತುದಿಯೇ ಏಳಲಿಲ್ಲ. ಯಾಕೆಂದು ನೋಡಿದರೆ ನೀರು ಬೆಚ್ಚಗಿತ್ತು ಅಷ್ಟೆ; ಹಬೆಯನ್ನು ಬೇರೆ ಯಂತ್ರದಿಂದ ಬಿಡುತ್ತಿದ್ದರು. ಸುರಕ್ಷತೆಯ ಅಧಿಕಾರಿಯೊಬ್ಬ ಇದ್ದ. ಯಾವ ಕೆಲಸಗಾರರ ಕೈಯನ್ನೂ ಬಿಸಿನೀರಿನಲ್ಲಿ ಅದ್ದಿಸುವಂತಿಲ್ಲ ಎಂದು ಪುಸ್ತಕ ತೋರಿಸಿದ.

ಮುನಿರತ್ನ ಅವನ ಮುಂದೆ ಎರಡೂ ಅಂಗೈ ಚಾಚಿದಳು. ಬೆರಳ ತುದಿಗಳು ನುಣ್ಣಗೆ, ಗೆರೆಯೇ ಇಲ್ಲದ ಹಾಗೆ ಬೆಂದಿವೆ. ಆಧಾರ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿಸಲು ನಾವು ನಾಲ್ಕು ಸಲ ಚಿಕ್ಕಬಳ್ಳಾಪುರಕ್ಕೆ ಅಲೆದಿದ್ದೆವು. "ಇನ್ನೇನು ಸುಟ್ಟೀತಪ್ಪ ಇದ್ರಲ್ಲಿ, ನೀರು ಕಾಯ್ಸಯ್ಯ ಮೊದ್ಲು," ಎಂದಳು. ಮಾರ್ತಾ ಆ ಕೈಗಳನ್ನು ಬಹಳ ಹೊತ್ತು ನೋಡಿದರು. ಬಣ್ಣ ಬೇಡ, ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ನೋಡಿಕೊಳ್ಳೋಣ, ನೀರು ಕಾಯಿಸಿ ಎಂದರು.

ಮಾರನೆಯ ದಿನ ಎಲ್ಲ ಸರಾಗ. ಕೈ ಓಡಿತು, ರಾಟೆ ತಿರುಗಿತು, ಹಳದಿ ಎಳೆ ಬೆಳಕಿನಲ್ಲಿ ಮೇಲಕ್ಕೆ ಹೋಯಿತು. ಒಂದು ಕೈ ಎಳೆ ಎಸೆಯುವುದನ್ನು ನಲವತ್ತು ಜನ ಉಸಿರು ಬಿಗಿಹಿಡಿದು ನೋಡಿದರು. ಮೂವತ್ತು ವರ್ಷದಲ್ಲಿ ನನ್ನ ತರಗತಿಯಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿಲ್ಲ. ಒಳಗೊಳಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮೂರನೆಯ ದಿನ

ಆ ಮುಖ್ಯ ದೃಶ್ಯ ಇದು. ನಾಯಕಿಯ ಯೌವನದಲ್ಲಿ ಒಬ್ಬ ಹಡಗು ಹತ್ತಿ ಹೋಗಿದ್ದಾನೆ, ಬರುತ್ತೇನೆ ಎಂದು ಮಾತುಕೊಟ್ಟು. ಇಪ್ಪತ್ತೈದು ವರ್ಷ ಅವಳು ಕಾದಿದ್ದಾಳೆ, ಯಾರಿಗೂ ಹೇಳದೆ. ಈಗ ಅವನು ಸತ್ತ ಸುದ್ದಿ ಬಂದಿದೆ. ತಂಗಿ ಮಿಲ್ಲಿಗೆ ಓಡಿ ಬಂದು, ಬೇಸಿನ್ನಿನ ಮುಂದೆ ಕೂತ ಅಕ್ಕನ ಕಿವಿಯಲ್ಲಿ ಹೇಳುತ್ತಾಳೆ. ಕಾದಂಬರಿಯಲ್ಲಿ ಆಗ ನಾಯಕಿಯ ಮನಸ್ಸಿನಲ್ಲಿ ಏಳುವುದೆಲ್ಲ ಹನ್ನೊಂದು ಪುಟ ಬರುತ್ತದೆ. ಆ ಹನ್ನೊಂದು ಪುಟದಲ್ಲಿ ನನಗೂ ಕಣ್ಣು ಮಂಜಾಗಿತ್ತು.

"ಹನ್ನೊಂದು ಪುಟವನ್ನು ನಾನು ಎಲ್ಲಿ ತೋರಿಸಲಿ?" ಎಂದರು ಮಾರ್ತಾ. "ಅವಳು ಮುಖದಲ್ಲಿ ಏನನ್ನೂ ತೋರಿಸುವ ಹೆಂಗಸಲ್ಲ. ನನಗಿರುವುದು ಕೈಗಳು ಮಾತ್ರ. ಕೈಗಳು ನಿಲ್ಲಬೇಕು. ಎಳೆ ಕಡಿಯಬೇಕು. ಕಡಿದ ಎಳೆಯನ್ನು ಅವಳು ಹಾಗೇ ಬಿಡಬೇಕು."

ಅಂಥ ಚಿತ್ರಗಳಲ್ಲಿ ಚಮಚ ಕೆಳಗಿಡುವುದಕ್ಕೆ ಯಾಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನನಗೆ ಆಗ ಸ್ವಲ್ಪ ಅರ್ಥವಾಯಿತು.

ಮುನಿರತ್ನಳಿಗೆ ಹೇಳಿದೆ. ಆಯಿತು ಎಂದಳು. ತಂಗಿಯ ಪಾತ್ರದವಳು ಬಂದು ಬಗ್ಗಿದಳು. ಮುನಿರತ್ನ ಬೇಕೆಂದೇ ಎಳೆ ಕಡಿದಳು. ಕಡಿದಿದ್ದೇ ತಡ, ಎಡಗೈಯ ಎರಡು ಬೆರಳು ಹೋಗಿ ತುದಿ ಹಿಡಿದು ಕೂಡಿಸಿಬಿಟ್ಟವು. ಕ್ಯಾಮೆರಾದವನಿಗೆ ಎಳೆ ಕಡಿದದ್ದೇ ಕಾಣಲಿಲ್ಲ.

ಮತ್ತೆ ಮಾಡಿದರು. ಮತ್ತೆ ಕೂಡಿಸಿದಳು. ಒಬ್ಬರು ಕತ್ತರಿ ಹಿಡಿದು ಎಳೆ ಕತ್ತರಿಸಿದರು. ಕತ್ತರಿ ಹಿಂದಕ್ಕೆ ಹೋಗುವ ಮೊದಲೇ ಎಳೆ ಮತ್ತೆ ಓಡುತ್ತಿತ್ತು. ರಾಟೆ ನಿಲ್ಲಿಸಿದರು, ಅವಳ ಕೈ ತುದಿ ಹಿಡಿದುಕೊಂಡು ರಾಟೆ ತಿರುಗುವುದನ್ನೇ ಕಾಯತೊಡಗಿತು. ಹದಿನಾಲ್ಕು ಸಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪ್ರತಿ ಸಲವೂ ಅವಳೇ "ಅಯ್ಯೋ, ಮತ್ತೆ ಮಾಡ್ಬಿಟ್ಟೆ" ಎನ್ನುತ್ತಿದ್ದಳು. ಹೊರಗೆ ಎಲೆನಾ ಫೋನ್ ಹಿಡಿದು ಇಂಗ್ಲಿಷಿನಲ್ಲಿ ಇನ್ನೊಬ್ಬ ಹೆಂಗಸಿನ ಟಿಕೆಟ್ ವಿಚಾರಿಸುತ್ತಿದ್ದದ್ದು ನನಗೆ ಕೇಳಿಸಿತು.

ಸಂಜೆ ಕೋಣೆಗೆ ಬಂದಮೇಲೆ ನಾನು ರೇಗಿದೆ.

"ಕೈ ಕಟ್ಕೊಂಡು ಕೂತ್ಕೊಳ್ಳೋಕೆ ಏನು ಕಷ್ಟ ನಿಂಗೆ? ಏನೂ ಮಾಡ್ಬೇಡ ಅಂತಾನೇ ಅಲ್ವಾ ಅವ್ರು ಹೇಳ್ತಿರೋದು?"

"ನಂಗೇನು ಆಸೇನಾ? ಅದು ನಿಲ್ಲಲ್ಲ ಕಣ್ರೀ."

"ಹೆಸ್ರು ಬೇಕು ಅಂದ್ಯಲ್ಲ, ಈಗ ನೋಡು."

ಹಾಗನ್ನಬಾರದಿತ್ತು. ಅವಳು ಕಿಟಕಿಯ ಬಳಿ ಹೋಗಿ, ಲೂಚಿಯಾ ಒಣಗಲು ಹಾಕಿದ್ದ ಬಟ್ಟೆಗಳನ್ನೆಲ್ಲ ಕೇಳದೆಯೇ ಮಡಿಸಿಟ್ಟಳು.

ನಾಲ್ಕನೆಯ ದಿನ

ಬೆಳಿಗ್ಗೆ ಮಾರ್ತಾ ಕ್ಯಾಮೆರಾ ತರಿಸಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಮುನಿರತ್ನಳ ಎದುರು ಕೂತರು.

"ಇವರನ್ನು ಕೇಳಿ. ಕೆಲಸ ಮಾಡುತ್ತಿರುವಾಗ ಯಾರಾದರೂ ಬಂದು ಇಂಥ ಸುದ್ದಿ ಹೇಳಿದರೆ ಇವರ ಕೈ ಏನು ಮಾಡುತ್ತದೆ?"

ನಾನು ಕೇಳಿದೆ. ಮುನಿರತ್ನ ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದೇ ಸಮನೆ ಹೇಳತೊಡಗಿದಳು. ಹೇಳುವುದನ್ನು ಅರ್ಧ ಕೇಳಿಸಿಕೊಂಡು, ಇದೆಲ್ಲ ಇವರಿಗೆ ಯಾಕೆ ಎಂದುಕೊಂಡು, ಇಂಗ್ಲಿಷಿನಲ್ಲಿ "ಇನ್ನೊಂದು ಸಲ ಪ್ರಯತ್ನ ಮಾಡುತ್ತಾಳಂತೆ" ಎಂದೆ.

ಎಲೆನಾ ಅದನ್ನು ಮಾರ್ತಾಗೆ ಹೇಳಲಿಲ್ಲ. ನನ್ನ ಕಡೆ ತಿರುಗಿದಳು. "ಅವರು ಅಷ್ಟು ಹೊತ್ತು ಮಾತಾಡಿದರು. ನೀವು ಒಂದೇ ವಾಕ್ಯ ಹೇಳಿದಿರಿ."

ಮುಖಕ್ಕೆ ನೀರು ಎರಚಿದ ಹಾಗಾಯಿತು. ಆ ಮೂರು ದಿನ ನಾನು ಹಾಗೆಯೇ ಮಾಡಿಕೊಂಡು ಬಂದಿದ್ದೆ. ಅದಕ್ಕೂ ಹಿಂದಿನ ಮೂವತ್ತು ವರ್ಷವೂ ಅಷ್ಟೆ. ಅವಳು ಮಾಡಿದ್ದನ್ನು ನನ್ನ ಮಾತಿನಲ್ಲಿ, ನನಗೆ ತೋರಿದಷ್ಟು ಹೇಳುವುದು ನನಗೆ ಉದ್ಯೋಗವಾಗಿ ಹೋಗಿತ್ತು. ಮೊದಲಿಂದ ಹೇಳು, ಒಂದೊಂದೇ ಮಾತು ಹೇಳು, ಪೂರ್ತಿ ಹೇಳುತ್ತೇನೆ ಎಂದು ಮುನಿರತ್ನಳಿಗೆ ಹೇಳಿದೆ.

"ನಮ್ಮಲ್ಲಿ ಬೇಸಿನ್ ಮುಂದೆ ಕೂತೋಳ್ಗೆ ಸುದ್ದಿ ಹೇಳಲ್ಲ," ಎಂದಳು. "ಒಳ್ಳೇದೂ ಹೇಳಲ್ಲ, ಕೆಟ್ಟದ್ದೂ ಹೇಳಲ್ಲ. ಬೆಂದ ಗೂಡು ಯಾರಿಗೂ ಕಾಯಲ್ಲ, ಬಿಟ್ಟೆದ್ರೆ ಅಷ್ಟೂ ಕೊಳೆತು ಹೋಗ್ತದೆ. ಅದ್ಕೇ ಬಂದೋರು ಬಾಗ್ಲಲ್ಲಿ ನಿಂತ್ಕೊಂತಾರೆ. ಬೇಸಿನ್ ಖಾಲಿ ಆದ್ಮೇಲೆ ಹೇಳ್ತಾರೆ."

ನಿಜ. ಶಿಡ್ಲಘಟ್ಟದ ಶೆಡ್ಡುಗಳಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಆ ಹನ್ನೊಂದು ಪುಟ ಓದುವಾಗ ನನಗೆ ಹೊಳೆದಿರಲಿಲ್ಲ. ನಾನು ಅನುವಾದಿಸಿದೆ. ಮಾರ್ತಾ ಮುಂದಕ್ಕೆ ಬಾಗಿದರು.

"ಹಾಗಾದರೆ ಅಲ್ಲಿಯ ತನಕ ಅವಳಿಗೆ ಗೊತ್ತಾಗುವುದಿಲ್ಲ?"

"ಯಾಕ್ ಗೊತ್ತಾಗಲ್ಲ? ನಿಂತಿರೋರ್ನ ನೋಡಿದ್ರೇ ಗೊತ್ತಾಗ್ತದೆ."

"ಹೇಗೆ?"

ಮುನಿರತ್ನ ನನ್ನ ಮುಖ ನೋಡಿದಳು. "ಹೇಳ್ಲಾ?"

ಏನೆಂದು ತಿಳಿಯದೆ ನಾನು ಹೇಳು ಎಂದೆ.

"ನಮ್ಮಮ್ಮ ಹೋದಾಗ ಇವ್ರು ಬಂದು ಬಾಗ್ಲಲ್ಲಿ ನಿಂ‍ತ್ರು. ಆಫೀಸಿನ ಹೊತ್ತು ಅದು. ಸೈಕಲ್ ಬಿಸ್ಲಲ್ಲೇ ನಿಲ್ಸಿದ್ರು. ಬಂದೋರು ನೀರು ಕೇಳ್ಲಿಲ್ಲ. ಚಪ್ಪಲಿ ಬಿಡ್ಲಿಲ್ಲ. ಆ ಚಪ್ಪಲಿ ನೋಡ್ತಿದ್ದಂಗೇ ಗೊತ್ತಾಯ್ತು, ಅಮ್ಮ ಇಲ್ಲ ಅಂತ."

ಇದನ್ನು ನಾನು ಇಂಗ್ಲಿಷಿಗೆ ತರಬೇಕಿತ್ತು. ಬಾಗಿಲಲ್ಲಿ ನಿಂತವನು ನನ್ನ ಗಂಡ ಎಂದು, ನನ್ನ ಬಾಯಿಂದಲೇ, ಅವಳ ಪರವಾಗಿ ಹೇಳಬೇಕಿತ್ತು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು ಅದು. ಅಂಬಾಜಿದುರ್ಗದ ತಪ್ಪಲಿನ ಅವಳ ತೌರಿನಿಂದ ನನ್ನ ಆಫೀಸಿಗೆ ಫೋನ್ ಬಂದಿತ್ತು. ನಾನು ಮನೆಗೆ ಬಂದು ಬಾಗಿಲಲ್ಲಿ ನಿಂತು ಕಾದೆ. ಅವಳು ಬೇಸಿನ್ ಮುಗಿಸಿ ಎದ್ದ ಮೇಲೂ ನಿಜ ಹೇಳಲು ಬಾಯಿ ಬರಲಿಲ್ಲ. ಅಮ್ಮನಿಗೆ ಸ್ವಲ್ಪ ಹುಷಾರಿಲ್ಲವಂತೆ, ನೋಡಿಕೊಂಡು ಬರೋಣ ಎಂದೆ. ಚಿಂತಾಮಣಿಯ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಊರು ಮುಟ್ಟಿದಾಗ ಮನೆಯ ಮುಂದೆ ಜನ ಸೇರಿದ್ದರು, ಅವಳಿಗೆ ತಾನಾಗಿಯೇ ತಿಳಿಯಿತು ಎಂದು ನಾನು ನಂಬಿದ್ದೆ. ದಾರಿಯುದ್ದಕ್ಕೂ ದುಃಖ ತಿಳಿಯದ ಹಾಗೆ ಅವಳನ್ನು ಕರೆದುಕೊಂಡು ಹೋದೆ ಎಂದು ಎಷ್ಟೋ ಜನರ ಹತ್ತಿರ ಹೇಳಿಕೊಂಡಿದ್ದೇನೆ, ಏನೋ ದೊಡ್ಡ ಉಪಕಾರ ಮಾಡಿದವನಂತೆ.

ಅವಳು ಹೇಳಿದ್ದೆಲ್ಲವನ್ನೂ ಅನುವಾದಿಸಿದೆ. ಏನನ್ನೂ ಬಿಡಲಿಲ್ಲ.

"ಆಗ ಬೇಸಿನ್ನಿನಲ್ಲಿ ಇನ್ನೂ ಎಷ್ಟಿತ್ತು?" ಎಂದು ಮಾರ್ತಾ ಕೇಳಿದರು.

"ಅರ್ಧ ಇತ್ತು. ಮುಗಿಯೋಕೆ ಮುಕ್ಕಾಲು ಗಂಟೆ ಆಗಿರ್ಬೇಕು."

"ಕೈಗಳು?"

ಮುನಿರತ್ನ ತನ್ನ ಕೈಗಳನ್ನು ನೋಡಿಕೊಂಡಳು. "ಅವು ಅವುಗಳ ಪಾಡಿಗೆ ಮಾಡ್ತಿದ್ವು. ಅವತ್ತು ಒಂದೇ ಒಂದು ಎಳೆ ಕಡೀಲಿಲ್ಲ ನೋಡಿ."

ಎಲೆನಾ ಇದನ್ನು ಇಟಾಲಿಯನ್‌ಗೆ ತಿರುಗಿಸಿದಳು. ಮಾರ್ತಾ ಎದ್ದು ಮಿಲ್ಲಿನ ಬಾಗಿಲ ತನಕ ಹೋಗಿ ನಿಂತರು, ವಾಪಸ್ಸು ಬಂದರು. ಕಾದಂಬರಿ ಬರೆದವನು ದೊಡ್ಡ ಮನೆಯ ಮಗ, ಮಿಲ್ಲನ್ನು ಕಿಟಕಿಯಿಂದ ನೋಡಿದ್ದ ಎಂದಷ್ಟೇ ಹೇಳಿದರು. ಆಮೇಲೆ ಕೈಯಲ್ಲಿದ್ದ ಹಾಳೆಯ ಮೇಲೆ ಉದ್ದಕ್ಕೆ ಗೀಟು ಹಾಕಿದರು. ತಂಗಿ ಒಳಗೆ ಬರುವುದಿಲ್ಲ. ಕಿವಿಯಲ್ಲಿ ಹೇಳುವುದಿಲ್ಲ. ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಕೈಗಳು ಬೇಸಿನ್ ಮುಗಿಸುತ್ತವೆ. ಎಲ್ಲಿಯೂ ನಿಲ್ಲಿಸದೆ ಒಂದೇ ಸಲ ತೆಗೆಯೋಣ ಎಂದರು.

ಐದನೆಯ ದಿನ

ಮುಂದೇನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಆ ದೃಶ್ಯ ಮೊದಲ ಸಲಕ್ಕೇ ಒಪ್ಪಿಗೆಯಾಯಿತು. ಬೇರೆ ಹೆಂಗಸು ಬರಲಿಲ್ಲ. ಮುನಿರತ್ನಳ ಹೆಸರು ಚಿತ್ರದ ಕೊನೆಯಲ್ಲಿ ಪೂರ್ತಿಯಾಗಿ ಬರುತ್ತದೆ. ಅಕ್ಷರ ಸರಿಯಿದೆಯೇ ನೋಡಿ ಎಂದು ಈಚೆಗೆ ಕಾಗದ ಬಂದಿದೆ, ಸರಿಯಿದೆ. ಚಿತ್ರ ನಮ್ಮ ಕಡೆ ಬಂದರೆ ಯಾರು ಕೂತು ನೋಡುತ್ತಾರೋ ತಿಳಿಯದು. ನಾನು ಬರೆಯಬೇಕೆಂದಿದ್ದದ್ದು ಬೇರೆ.

ಕ್ಯಾಮೆರಾ ಇದ್ದದ್ದು ಕೈಗಳ ಮೇಲೆ ಮಾತ್ರ. ಬಾಗಿಲು ಕ್ಯಾಮೆರಾದ ಹಿಂದೆ. ತಂಗಿಯ ಪಾತ್ರದವಳಿಗೆ ಆ ದಿನ ಕೆಲಸವಿರಲಿಲ್ಲ, ಊರಲ್ಲೂ ಇರಲಿಲ್ಲ. ಆದರೂ ಕೈಗಳಿಗೆ ಗೊತ್ತಾಗಲು ಬಾಗಿಲಲ್ಲಿ ಯಾರಾದರೂ ನಿಲ್ಲಬೇಕು ಎಂದರು ಮಾರ್ತಾ. ಲೈಟಿನವನೊಬ್ಬ ಮುಂದೆ ಬಂದ.

"ಇವ್ರೇ ನಿಂತ್ಕೊಳ್ಲಿ," ಎಂದಳು ಮುನಿರತ್ನ.

ಹೋಗಿ ನಿಂತೆ. ಹಳದಿ ಗೂಡುಗಳನ್ನು ಬೇಸಿನ್ನಿಗೆ ಸುರಿದರು. ಹಬೆ ಎದ್ದಿತು, ಅದರ ಜೊತೆಗೆ ಬೆಂದ ಹುಳದ ವಾಸನೆ. ಅಲ್ಲಿನವರು ಮೂಗಿಗೆ ಬಟ್ಟೆ ಕಟ್ಟಿಕೊಂಡರು. ನನಗೆ ಮನೆಯ ವಾಸನೆ. ರಾಟೆ ತಿರುಗಿತು. ಅವಳು ಒಂದು ಸಲ ತಲೆಯೆತ್ತದೆ ಕಣ್ಣನ್ನಷ್ಟೇ ಈ ಕಡೆ ಹೊರಳಿಸಿ ನನ್ನ ಕಾಲುಗಳನ್ನು ನೋಡಿದಳು. ಆಮೇಲೆ ನೋಡಲಿಲ್ಲ.

ಅಲ್ಲಿ ನಿಂತ ಮೇಲೆ ಅವಳ ಕೈಗಳನ್ನು ನೋಡುವುದು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ. ಅವು ಹೆಚ್ಚು ಬೇಗವೂ ಓಡಲಿಲ್ಲ, ನಿಧಾನವೂ ಆಗಲಿಲ್ಲ. ಎಸೆದವು, ಹಿಡಿದವು, ತಣ್ಣೀರಿನ ಬಟ್ಟಲಿಗೆ ಅದ್ದಿದವು, ಮತ್ತೆ ಬಿಸಿನೀರಿಗೆ ಇಳಿದವು. ಗೂಡುಗಳು ಒಂದೊಂದಾಗಿ ತೆಳ್ಳಗಾಗಿ ಒಳಗಿನ ಕಪ್ಪು ಕಾಣಿಸಿತು. ಒಂದು ಎಳೆಯೂ ಕಡಿಯಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಇದೇ ರೀತಿ ನಿಂತು ಇದನ್ನೇ ನೋಡಿದ್ದೆ. ಪಾಪ, ಇವಳಿಗೆ ಇನ್ನೂ ಗೊತ್ತಿಲ್ಲವಲ್ಲ ಎಂದು ಮರುಗುತ್ತ ನಿಂತಿದ್ದೆ. ಮುಕ್ಕಾಲು ಗಂಟೆ ನನ್ನ ಕಣ್ಣೆದುರಿಗೇ ಅವಳು ಒಬ್ಬಳೇ ತಾಯಿಯನ್ನು ಕಳೆದುಕೊಂಡು ಕೂತಿದ್ದಳು, ಮುಂದೆ ಎರಡು ಬಸ್ಸಿನಲ್ಲಿ ನನ್ನ ಸುಳ್ಳನ್ನು ಕೇಳಿಸಿಕೊಂಡು, ನನಗೆ ಬೇಸರವಾಗದಿರಲೆಂದು ನಂಬಿದ ಹಾಗೆ ಇದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಕೊನೆಯ ಗೂಡು ಮುಗಿಯಿತು. ಮಾರ್ತಾ ಮೆಲ್ಲಗೆ ಏನೋ ಅಂದರು, ರಾಟೆ ನಿಂತಿತು.

ಮುನಿರತ್ನ ತಣ್ಣೀರಿನಲ್ಲಿ ಬೆರಳು ಅದ್ದಿ, ಕೈ ಒರೆಸಿಕೊಂಡು ಎದ್ದಳು. ಕ್ಯಾಮೆರಾ, ಲೈಟು, ಜನ ಎಲ್ಲವನ್ನೂ ದಾಟಿಕೊಂಡು ಬಂದು ನನ್ನ ಮುಂದೆ ನಿಂತಳು.

"ಈಗ ಹೇಳಿ," ಅಂದಳು.

"ಏನು ಹೇಳ್ಲಿ?"

"ಅವತ್ತು ಹೇಳ್ಲಿಲ್ವಲ್ಲ, ಅದು."

ಆ ಮಾತು ಆಡಲು ನನಗೆ ಬಹಳ ಹೊತ್ತು ಹಿಡಿಯಿತು. "ನಿಮ್ಮಮ್ಮ ಹೋಗ್ಬಿಟ್ರು ಕಣೇ ರತ್ನ," ಎಂದೆ. "ಬೆಳಿಗ್ಗೇನೇ ಹೋಗ್ಬಿಟ್ರಂತೆ."

ಅವಳು ಈಗಷ್ಟೇ ಕೇಳಿದವಳಂತೆ ತಲೆಯಾಡಿಸಿದಳು.

"ಗೊತ್ತಿತ್ತು. ಆದ್ರೂ ನೀವು ಹೇಳ್ಬೇಕಿತ್ತು."

ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತಳು, ನಮ್ಮ ಕಡೆಯವರು ಅಳುವ ಹಾಗೆ, ಗಟ್ಟಿಯಾಗಿ, ಅಮ್ಮನನ್ನು ತೆಲುಗಿನಲ್ಲಿ ಕರೆದು. ನಾನು ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕೂತೆ.